ಸಂಘ ಬೇಡವೆನ್ನುವ ಅಂಗಡಿಯ ಗೆಳೆಯರಿಗೆ

ಉತ್ತರ ಕರ್ನಾಟಕದ ಸಣ್ಣ ಪುಸ್ತಕದಂಗಡಿಯವರು ಒಂದು ಸಂಘಕ್ಕೆ ಸೇರೋಣ ಎಂದಾಗಲೆಲ್ಲ ನಮ್ಮವರೇ ಮೊದಲು ಹೇಳುವ ಮಾತು, "ನಾವು ನಾವೇ ಪೈಪೋಟಿಗಾರರು, ಒಂದೇ ಜಮಖಾನೆ ಮೇಲೆ ಹೆಂಗ ಕೂಡೋದು?" ಪೈಪೋಟಿ ಇದೆ, ಇರಲಿ. ಆದರೆ ಗದಗಿನ ಅಂಗಡಿಯ ಗಿರಾಕಿಯನ್ನು ವಿಜಯಪುರದ ಅಂಗಡಿ ಕಸಿದುಕೊಳ್ಳುವುದಿಲ್ಲ. ಇಬ್ಬರ ಗಿರಾಕಿಗಳನ್ನೂ ಸೆಳೆಯುತ್ತಿರುವುದು ಮುಖಬೆಲೆಗಿಂತ ಬಹಳ ಕಡಿಮೆಗೆ ಮನೆಬಾಗಿಲಿಗೆ ಪುಸ್ತಕ ಮುಟ್ಟಿಸುವ ಆನ್‌ಲೈನ್ ಮಾರಾಟ.

"ಇಷ್ಟು ವರ್ಷ ಒಬ್ಬೊಬ್ಬರೇ ನಡೆಸಿಲ್ಲವೇನು?" ಎನ್ನುವವರಿಗೆ ತುಸು ವಿವರವಾಗಿಯೇ ಹೇಳಬೇಕು. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ನಿಲ್ಲಿಸಿತು. ದೂರದ ಹಳ್ಳಿಯ ಓದುಗರಿಗೆ ಕಡಿಮೆ ಖರ್ಚಿನಲ್ಲಿ ಪುಸ್ತಕ ಕಳಿಸಲು ನಮಗಿದ್ದ ದಾರಿ ಅದು. ದೇಶದ ಪ್ರಕಾಶಕರು, ಓದುಗರು ದನಿ ಎತ್ತಿದರು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಆ ನಡುವಿನ ತಿಂಗಳುಗಳಲ್ಲಿ ನಮ್ಮ ಕಷ್ಟವನ್ನು ಬರೆದು ಕಳಿಸಲು ನಮ್ಮ ಬಳಿ ಒಂದು ಲೆಟರ್‌ಹೆಡ್ಡೂ ಇರಲಿಲ್ಲ. ಈ ದರ ನಾಳೆ ಏರಿದರೂ ಅದೇ ಪಾಡು. ಕಮಿಷನ್ನಿನ ಕಥೆಯೂ ಬೇರೆಯಲ್ಲ. ಹತ್ತು ಪ್ರತಿ ತರಿಸುವವನು ಕೊಟ್ಟಷ್ಟು ಕಮಿಷನ್ ತಗೊಂಡು, ಮಾರಾಟವಾಗದ ಪ್ರತಿಗಳನ್ನು ಕಪಾಟಿನಲ್ಲೇ ಇಟ್ಟುಕೊಳ್ಳಬೇಕು. ಹತ್ತಾರು ಅಂಗಡಿಗಳ ಆರ್ಡರ್ ಕೂಡಿಸಿ ಒಂದೇ ಲಾರಿ ಪಾರ್ಸೆಲ್ ತರಿಸಿದರೆ ಬಾಡಿಗೆ ಇಳಿಯುತ್ತದೆ, ವಾಪಸಾತಿಯ ಮಾತೆತ್ತಲು ಧೈರ್ಯವೂ ಬರುತ್ತದೆ.

ಸಂಘವೆಂದರೆ ಸೇರಿಕೊಂಡು ಬೆಲೆ ಕಟ್ಟುವ ಗುಂಪು ಎಂಬ ಆಕ್ಷೇಪ ಗಂಭೀರವಾದದ್ದು. ಯಾರು ಎಷ್ಟು ರಿಯಾಯಿತಿ ಕೊಡಬೇಕೆಂದು ಸಂಘ ಗೊತ್ತುಮಾಡುವಂತಿಲ್ಲ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಅದನ್ನು ತಡೆಯುತ್ತದೆ, ತಡೆಯಬೇಕಾದದ್ದೇ. ಆದರೆ ಕಾನೂನು ಮಾಡಿರೆಂದು ಸರ್ಕಾರವನ್ನು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೊಸ ಪುಸ್ತಕಕ್ಕೆ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡಬಾರದೆಂದು ಫ್ರಾನ್ಸ್ 1981ರಲ್ಲೇ ಕಾಯ್ದೆ ಮಾಡಿತು. ಅದಕ್ಕಾಗಿ ಅಲ್ಲಿನ ಪ್ರಕಾಶಕರೂ ಅಂಗಡಿಯವರೂ ಮೊದಲು ಕೂಡಿ ಒತ್ತಾಯಿಸಿದ್ದರು. ಇಲ್ಲಿ ಅದೇ ಕಾಯ್ದೆ ಬೇಕೋ ಬೇಡವೋ ಚರ್ಚೆಯಾಗಲಿ. ಚರ್ಚೆಗೂ ಒಂದು ವೇದಿಕೆ ಬೇಕಲ್ಲ?

ವಂತಿಗೆಯೆಲ್ಲ ಪದಾಧಿಕಾರಿಗಳ ಶಾಲು-ಹಾರಕ್ಕೇ ಹೋಗುತ್ತದೆ ಎನ್ನುವವರ ಅನುಮಾನ ಸುಳ್ಳಲ್ಲ, ಅಂಥ ಸಂಘಗಳನ್ನು ನಾವೆಲ್ಲ ಕಂಡಿದ್ದೇವೆ. ಮದ್ದೂ ನಮ್ಮ ಕೈಯಲ್ಲೇ ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸೋಣ, ಪ್ರತಿ ವರ್ಷ ಆಡಿಟ್ ಆದ ಲೆಕ್ಕವನ್ನು ಸದಸ್ಯರ ಮುಂದಿಡೋಣ. ದೊಡ್ಡ ಅಂಗಡಿಗಾಗಲಿ, ಬಸ್‌ಸ್ಟ್ಯಾಂಡಿನ ಸ್ಟಾಲಿಗಾಗಲಿ ಒಂದೇ ಮತವೆಂದು ಬೈಲಾದಲ್ಲಿ ಬರೆಯೋಣ.

ಉಳಿದ ಆಕ್ಷೇಪಗಳಿದ್ದರೆ ಸಭೆಗೇ ಬಂದು ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬೈಲಾ ಇನ್ನೂ ಅಂತಿಮವಾಗಿಲ್ಲ. ಅದನ್ನು ತಿದ್ದಲು ನಿಮ್ಮಂಥವರೇ ಬೇಕು.