ನವಲಗುಂದದ ಜಮಖಾನೆ ಮತ್ತು ನೇಯ್ದವಳ ಕೂಲಿ

ನವಲಗುಂದವೆಂದರೆ ಚಳವಳಿಗಾರರಿಗೆ 1980ರ ರೈತ ಬಂಡಾಯ ನೆನಪಾಗುತ್ತದೆ. ಅದೇ ಊರಿನ ಕೆಲವೇ ಮನೆಗಳಲ್ಲಿ ಮುಸಲ್ಮಾನ ಹೆಣ್ಣುಮಕ್ಕಳು ತಲೆತಲಾಂತರದಿಂದ ಜಮಖಾನೆ ನೇಯುತ್ತ ಬಂದಿರುವುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ವಿಜಾಪುರದ ಆದಿಲಶಾಹಿ ಕಾಲದಲ್ಲಿ ಅಲ್ಲಿಂದ ಬಂದ ಕಸಬಿದು ಎಂದು ಹೇಳಿಕೆ. ಮಗಳಿಗೆ ಕಲಿಸಿದರೆ ಪರರ ಮನೆ ಸೇರೀತೆಂದು ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ!

ಕೆಲಸ ಸುಲಭದ್ದಲ್ಲ. ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗ. ಅದರ ಮುಂದೆ ಕುಳಿತು, ಹತ್ತಿಯ ಹಾಸಿನಲ್ಲಿ ಬಣ್ಣದ ಹೊಕ್ಕನ್ನು ಬೆರಳಿನಿಂದಲೇ ತೂರಿಸಿ, ಪಂಜದಿಂದ ಬಡಿದು ಬಿಗಿಗೊಳಿಸಬೇಕು. ನವಿಲಾಗಲಿ, ಪಗಡೆಯ ಮನೆಯಾಗಲಿ ಎಳೆ ಎಣಿಸಿಯೇ ಮೂಡಬೇಕು. ನೆಲದ ಹಾಸಿಗೆ ಜಮಖಾನೆ, ನಮಾಜಿಗೆ ಜಾನಮಾಜ್, ಎತ್ತಿನ ಬೆನ್ನಿಗೆ ಗುಡ್ಡರ್: ಬಡವನ ಬಳಕೆಯಿಂದ ಬೆಳೆದ ಕಲೆಯಿದು.

ಶ್ರೀಮಂತ ಗಿರಾಕಿ ಇದರಲ್ಲಿ ತನ್ನ ಹೆಸರನ್ನೋ ಮದುವೆಯ ತಾರೀಖನ್ನೋ ನೇಯಿಸಬಯಸಿದರೆ ಸಂತೋಷವೇ. ಆದರೆ ಹೊಸ ಅಕ್ಷರ ಬಂದಂತೆ ಎಣಿಕೆ ಬದಲಾಗುತ್ತದೆ, ಕೈ ನಿಧಾನವಾಗುತ್ತದೆ. ಅಳತೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಆ ಹೆಚ್ಚಿನ ದಿನಗಳ ದುಡಿಮೆ ಪುಕ್ಕಟೆ. ಈ ಮರ್ಮ ಗಿರಣಿಯ ಮಜೂರರಿಗೆ ಹೇಳಿಕೊಡಬೇಕಾದುದಲ್ಲ. ಎಳೆ ಕಡಿದು ಮಗ್ಗ ನಿಂತರೂ ನಷ್ಟ ಯಾರ ತಲೆಗೆ ಬರುವುದೆಂದು ಅವರು ಬಲ್ಲರು. 'ಕಲೆ' ಎಂಬ ಮಾತಿನಿಂದ ಬೆಲೆಯೇರುವುದು ಅಂಗಡಿಯಲ್ಲಿ, ಮಗ್ಗದ ಬುಡದಲ್ಲಲ್ಲ.

2011ರಲ್ಲಿ ಈ ಜಮಖಾನೆಗೆ ಭೌಗೋಳಿಕ ಗುರುತಿನ ನೋಂದಣಿಯಾಯಿತು. ಒಳ್ಳೆಯದು. ಅದು ಊರಿನ ಹೆಸರನ್ನು ಕಾಯುತ್ತದೆ, ನೇಯ್ದವಳ ಹೊಟ್ಟೆಯನ್ನಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯದೆ ಜಮಖಾನೆಯನ್ನು ಕೈಮಗ್ಗಕ್ಕೇ ಮೀಸಲಿಟ್ಟಿದೆ. ವಿದ್ಯುತ್ ಮಗ್ಗದ ಮಾಲನ್ನು ಕೈಮಗ್ಗದ್ದೆಂದು ಮಾರುವವನ ಅಂಗಡಿಗೆ ಅಧಿಕಾರಿಗಳು ಕಾಲಿಡದಿದ್ದರೆ ಆ ಕಾಯದೆ ಕಪಾಟಿನ ಕಾಗದವಷ್ಟೆ. ಇದರಲ್ಲಿ ಪ್ರಾಮಾಣಿಕ ಸಣ್ಣ ವ್ಯಾಪಾರಿಗೂ ನಷ್ಟವಿದೆ: ಅಸಲು ಮಾಲು ತರಿಸಿಟ್ಟವನು ನಕಲಿಯವನ ದರಕ್ಕೆ ಇಳಿಯಲಾರ.

ಆದ್ದರಿಂದ ನಮ್ಮ ಒತ್ತಾಯವಿಷ್ಟು. ನೇಕಾರ ಹೆಣ್ಣುಮಕ್ಕಳದೇ ಸಹಕಾರಿ ಸಂಘವಾಗಲಿ. ನೂಲನ್ನೂ ಬಣ್ಣವನ್ನೂ ದಲಾಳಿಯ ಸಾಲವಿಲ್ಲದೆ ಆ ಸಂಘವೇ ಒದಗಿಸಲಿ. ಹೇಳಿ ಮಾಡಿಸುವ ಜಮಖಾನೆಗೆ ದುಡಿದ ದಿನದ ಲೆಕ್ಕದಲ್ಲಿ ಕೂಲಿ ಗೊತ್ತಾಗಲಿ, ಅರ್ಧ ಹಣ ಮುಂಗಡವಾಗಿ ಅವಳ ಕೈಗೇ ಬೀಳಲಿ. ಅಂಗಡಿಯ ಸ್ನೇಹಿತರೇ, ಮಾಲಿಗೆ ಕಟ್ಟುವ ಚೀಟಿಯಲ್ಲಿ ಬೆಲೆಯ ಪಕ್ಕದಲ್ಲಿ ಅವಳಿಗೆ ಸಂದ ಕೂಲಿಯನ್ನೂ ಬರೆಯಿರಿ. ಗಿರಾಕಿ ಎರಡನ್ನೂ ಓದಲಿ.