ರಾಜ್ಯಪಾಲರಿಗೆ ನಾವ್ಯಾಕೆ ಓಟು ಹಾಕುವುದಿಲ್ಲ?

ಕಳೆದ ಭಾನುವಾರ ದೇವದುರ್ಗದ ಕಡೆಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯ ಜೊತೆ ರಾಯಚೂರಿನ ನಮ್ಮ ಮನೆಗೆ ಬಂದಿದ್ದಳು. ಈಗ ಪಿಯುಸಿ ಎರಡನೇ ವರ್ಷ. 371(ಜೆ) ಪ್ರಮಾಣಪತ್ರಕ್ಕೆ ಯಾವ ಯಾವ ಕಾಗದ ಬೇಕು ಎಂದು ಕೇಳಲು ಬಂದವರು. ಅದನ್ನೆಲ್ಲ ಹೇಳಿ ಮುಗಿಸಿ, ಒಳಗಿನಿಂದ ಚಹಾ ಬರುವಷ್ಟರಲ್ಲಿ ಹುಡುಗಿ ತನ್ನ ಪ್ರಶ್ನೆ ತೆಗೆದಳು.

"ಸರ್, ಅಮೆರಿಕಾದಾಗ ಗವರ್ನರ್ ಎಲೆಕ್ಷನ್ ಆಗ್ತೈತಂತ ಪೇಪರ್‌ನಾಗ ಓದೀನ್ರಿ. ನಮ್ಮ ರಾಜ್ಯಪಾಲರಿಗೆ ನಾವು ಯಾಕ ಓಟು ಹಾಕಂಗಿಲ್ರಿ?"

ನಾನು ಬಾಯಿ ತೆರೆಯುವ ಮೊದಲೇ ತಂದೆ ಹೇಳಿದರು: "ಮೊದ್ಲು ನಿನ್ನ ಹೆಸ್ರು ಓಟರ್ ಲಿಸ್ಟಿನಾಗ ಬರ್ಲಿ. ಬಂದಮ್ಯಾಲ ಸುದ್ದಾ ಯಾರಿಗಂತ ವಿಚಾರ ಮಾಡೋದೇನೈತಿ? ನಮ್ಮ ಮನೀ ಓಟು ಒಂದೇ ಕಡಿ. ನಮ್ಮಪ್ಪನ ಕಾಲದಿಂದ ಹಂಗೇ ಐತಿ ನೋಡ್ರಿ ಸರ."

ಹುಡುಗಿಯ ಮುಖ ಸಣ್ಣದಾಯಿತು. ಚಹಾ ಆರುವವರೆಗೂ ನಾವು ಮೂವರೂ ಮಾತಾಡಿದೆವು. ಇಂಥದೇ ಮಾತು ಬೇರೆ ಮನೆಗಳಲ್ಲೂ ನಡೆಯುತ್ತಿರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಮೆರಿಕದ ವಿಷಯ. ಅಲ್ಲಿಯ 50 ರಾಜ್ಯಗಳಲ್ಲೂ ಗವರ್ನರನ್ನು ಜನರೇ ನೇರವಾಗಿ ಆರಿಸುತ್ತಾರೆ. 2025ರ ನವೆಂಬರ್ 4ರಂದು ವರ್ಜೀನಿಯಾ ಮತ್ತು ನ್ಯೂಜೆರ್ಸಿಯಲ್ಲಿ ಮತದಾನ ನಡೆದು ಎರಡೂ ಕಡೆ ಡೆಮಾಕ್ರಟಿಕ್ ಪಕ್ಷದ ಮಹಿಳೆಯರು ಗೆದ್ದರು. ನಾಲ್ಕು ವರ್ಷದ ಹಿಂದೆ, 2021ರಲ್ಲಿ, ಇದೇ ವರ್ಜೀನಿಯಾದಲ್ಲಿ ಗೆದ್ದಿದ್ದವರು ತಮ್ಮನ್ನು ಕನ್ಸರ್ವೇಟಿವ್ ಎಂದು ಕರೆದುಕೊಳ್ಳುವ ರಿಪಬ್ಲಿಕನ್ ಪಕ್ಷದವರು. ಆ ರಾಜ್ಯದಲ್ಲಿ ಒಬ್ಬರು ಬೆನ್ನುಬೆನ್ನಿಗೆ ಎರಡು ಸಲ ಗವರ್ನರ್ ಆಗುವಂತಿಲ್ಲ. ಆದರೆ ಒಂದು ಮಾತು ಗಮನಿಸಬೇಕು. ಅಲ್ಲಿಯ ಗವರ್ನರ್ ಆಡಳಿತ ನಡೆಸುವವರು. ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ತೂಕಕ್ಕೂ ದ್ರವ್ಯರಾಶಿಗೂ ಗೊಂದಲ ಮಾಡಿಕೊಳ್ಳುತ್ತಾರಲ್ಲ, ಇದೂ ಅಂಥದೇ. ಹೆಸರು ಒಂದಾದ ಮಾತ್ರಕ್ಕೆ ವಸ್ತು ಒಂದಾಗುವುದಿಲ್ಲ.

ಹಾಗಂತ ಹುಡುಗಿಯ ಪ್ರಶ್ನೆ ಸಣ್ಣದೇನಲ್ಲ. ನಮ್ಮ ಸಂವಿಧಾನ ಸಭೆಯೇ 1947ರಲ್ಲಿ ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ, ಗವರ್ನರ್ ಜನರಿಂದ ನೇರವಾಗಿ ಚುನಾಯಿತರಾಗಲಿ ಎಂದು ಒಪ್ಪಿತ್ತು! ಎರಡು ವರ್ಷದೊಳಗೆ ಮನಸ್ಸು ಬದಲಾಯಿತು. 1949ರ ಮೇ ಕೊನೆಯಲ್ಲಿ ಬ್ರಜೇಶ್ವರ ಪ್ರಸಾದರು ತಂದ ತಿದ್ದುಪಡಿಯಂತೆ ರಾಷ್ಟ್ರಪತಿಗಳಿಂದ ನೇಮಕ ಎಂದಾಯಿತು. ನೆಹರೂ ಅದನ್ನು ಬೆಂಬಲಿಸಿದರು. ಮುಖ್ಯಮಂತ್ರಿಯೂ ಜನರಿಂದ ಬಂದವನು, ಗವರ್ನರನೂ ಜನರಿಂದ ಬಂದವನು ಎಂದಾದರೆ ಇಬ್ಬರಿಗೂ ಜಗಳ ಹತ್ತುತ್ತದೆ, ಪ್ರಾಂತೀಯ ಭಾವನೆ ಕೆರಳುತ್ತದೆ ಎಂಬುದು ವಾದ. ದೇಶ ಒಡೆದು ಹೋಳಾದ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಸ್ವಂತ ಅಧಿಕಾರವೇ ಇಲ್ಲದ ಹುದ್ದೆಗೆ ಅಷ್ಟು ಖರ್ಚಿನ ಚುನಾವಣೆ ಯಾಕೆ ಎಂಬುದು ಅಂಬೇಡ್ಕರ್ ಅವರ ಮಾತಿನ ಸಾರ.

ಆಶ್ಚರ್ಯವೆಂದರೆ, ಸಮಾಜವಾದಿ ಎನಿಸಿಕೊಂಡ ನೆಹರೂ ಇಲ್ಲಿ ಮಾಡಿದ್ದು ಸಂಪ್ರದಾಯಸ್ಥರು ಮಾಡುವ ಕೆಲಸ. ಇದ್ದ ವ್ಯವಸ್ಥೆಯನ್ನು ಅವಸರದಲ್ಲಿ ಅಲುಗಾಡಿಸಬಾರದು, ಜಗಳದ ಹೊರಗೆ ಒಬ್ಬ ಹಿರಿಯ ಇರಲಿ ಎನ್ನುವುದೇ ಆ ರಾಜಕೀಯದ ತಿರುಳು. ವಿಜ್ಞಾನದಲ್ಲಿ ಇದಕ್ಕೆ ಜಡತ್ವ ಎನ್ನಬಹುದು. (ಜಡತ್ವ ಎಂದರೆ ಸೋಮಾರಿತನ ಎಂದು ಬರೆಯುವ ಮಕ್ಕಳಿಗೆ ನಾನು ಇಂದಿಗೂ ಅರ್ಧ ಅಂಕ ಕಳೆಯುತ್ತೇನೆ.)

ನಮ್ಮ ರಾಯಚೂರಿಗೆ ಇದು ಪುಸ್ತಕದ ಮಾತಲ್ಲ. 1956ರ ಅಕ್ಟೋಬರ್ 31ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ಅಲ್ಲಿ ರಾಜ್ಯಪಾಲರ ಜಾಗದಲ್ಲಿ ರಾಜಪ್ರಮುಖ ಎಂಬ ಹುದ್ದೆ ಇತ್ತು. ಅದರಲ್ಲಿ 1950ರಿಂದ ಕೂತಿದ್ದವರು ಬೇರಾರೂ ಅಲ್ಲ, ಅದೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು. 1952ರಲ್ಲಿ ನಮ್ಮ ಹಿರಿಯರು ಓಟು ಹಾಕಿ ಶಾಸಕರನ್ನು ಆರಿಸಿದರು. ಮೇಲಿನ ಕುರ್ಚಿ ಮಾತ್ರ ಹಳೆಯದೇ. ಮರುದಿನ, ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಅಲ್ಲಿ ರಾಜ್ಯಪಾಲರಾದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು.

"ನಮ್ಮಪ್ಪ ಚಿಕ್ಕಿ ಗುರುತಿಗೆ ಹಾಕ್ತಿದ್ರಂತ್ರಿ" ಎಂದರು ತಂದೆ. ಚಿಕ್ಕಿ ಎಂದರೆ ನಕ್ಷತ್ರ, ಸ್ವತಂತ್ರ ಪಕ್ಷದ ಗುರುತು. ರಾಜಾಜಿ 1959ರಲ್ಲಿ ಕಟ್ಟಿದ ಪಕ್ಷ. ಸಹಕಾರಿ ಬೇಸಾಯದ ಹೆಸರಿನಲ್ಲಿ ರೈತನ ಹೊಲ ಕೈಬಿಟ್ಟು ಹೋಗಬಾರದು, ಲೈಸೆನ್ಸು ಪರ್ಮಿಟ್ಟಿನ ರಾಜ್ಯ ಬೇಡ ಎಂದು ಬಹಿರಂಗವಾಗಿ ಹೇಳಿದ ಪಕ್ಷ. ಕನ್ಸರ್ವೇಟಿವ್ ಎಂಬ ಹಣೆಪಟ್ಟಿಗೆ ನಮ್ಮ ದೇಶದಲ್ಲಿ ಹೆಚ್ಚು ಸಲ್ಲುವುದು ಅದಕ್ಕೇ. 1967ರಲ್ಲಿ ಲೋಕಸಭೆಯ 44 ಸ್ಥಾನ ಗೆದ್ದಿತು. ಅದರಲ್ಲಿ ರಾಯಚೂರೂ ಒಂದು. ಗೆದ್ದವರು ರಾಜಾ ವೆಂಕಟಪ್ಪ ನಾಯಕರು. ಏಳು ವರ್ಷದಲ್ಲಿ, 1974ರಲ್ಲಿ, ಪಕ್ಷವೇ ಬೇರೊಂದರಲ್ಲಿ ವಿಲೀನವಾಯಿತು.

"ಅಂದ್ರ ನಿಮ್ಮ ಮನೀ ಓಟು ಒಂದೇ ಕಡಿ ಹ್ಯಾಂಗಾತ್ರಿ?" ಎಂದೆ. ಅವರು ನಕ್ಕು ಸುಮ್ಮನಾದರು.

ಇನ್ನು ರಾಜ್ಯಪಾಲರ ಕೆಲಸ. ಚುನಾವಣೆಯ ಫಲಿತಾಂಶ ಒಂದು ಪಕ್ಷಕ್ಕೆ ಸ್ಪಷ್ಟವಾಗಿದ್ದರೆ ರಾಜಭವನದಲ್ಲಿ ಪ್ರಮಾಣವಚನ ಬೋಧಿಸಿದರೆ ಮುಗಿಯಿತು. ಕಷ್ಟ ಬರುವುದು ಲೆಕ್ಕ ಕೂಡದಿದ್ದಾಗ. 2018ರ ನಮ್ಮ ಜಿಲ್ಲೆಯನ್ನೇ ಒಂದು ಪುಟ್ಟ ರಾಜ್ಯ ಎಂದುಕೊಳ್ಳಿ. ಏಳು ಕ್ಷೇತ್ರ, ಬಹುಮತಕ್ಕೆ ನಾಲ್ಕು. ರಾಯಚೂರು ನಗರ ಮತ್ತು ದೇವದುರ್ಗ ಬಿಜೆಪಿಗೆ; ಮಾನ್ವಿ ಮತ್ತು ಸಿಂಧನೂರು ಜೆಡಿಎಸ್‌ಗೆ; ರಾಯಚೂರು ಗ್ರಾಮೀಣ, ಲಿಂಗಸುಗೂರು, ಮಸ್ಕಿ ಕಾಂಗ್ರೆಸ್‌ಗೆ. ಮೂರು, ಎರಡು, ಎರಡು. ಸರ್ಕಾರ ಮಾಡಲು ಯಾರನ್ನು ಕರೆಯುತ್ತೀರಿ? ಹೆಚ್ಚು ಸ್ಥಾನ ಬಂದವರನ್ನೋ, ಕೂಡಿಕೊಂಡು ನಾಲ್ಕಾಗುವವರನ್ನೋ? ಇಡೀ ರಾಜ್ಯದಲ್ಲೂ ಆಗಿದ್ದು ಇದೇ. 222 ಸ್ಥಾನಗಳಲ್ಲಿ ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ರಾಜ್ಯಪಾಲ ವಜುಭಾಯಿ ವಾಲಾ ದೊಡ್ಡ ಪಕ್ಷವನ್ನು ಕರೆದು ಬಹುಮತ ತೋರಿಸಲು 15 ದಿನ ಕೊಟ್ಟರು. ಎದುರಿನವರು ನಡುರಾತ್ರಿ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಆ 15 ದಿನವನ್ನು ಮೊಟಕುಗೊಳಿಸಿ ಮೇ 19ರ ಸಂಜೆ 4ಕ್ಕೆ ಸದನದಲ್ಲೇ ಎಣಿಕೆ ಆಗಲಿ ಎಂದಿತು. ಎಣಿಕೆಗೆ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಕೋರ್ಟು ಹಾಗೆ ಹೇಳಲು ಆಧಾರವಾದದ್ದು ಕರ್ನಾಟಕದ್ದೇ ಪ್ರಕರಣ ಎಂಬುದನ್ನು ಮಕ್ಕಳು ನೆನಪಿಡಬೇಕು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಬಳಿಕ ಅವರಲ್ಲಿ ಏಳು ಮಂದಿ, ನಮ್ಮ ಸಹಿ ತಪ್ಪು ಹೇಳಿ ಪಡೆದದ್ದು ಎಂದು ಬರೆದರು. ಸದನದಲ್ಲಿ ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿದರು. ಸಿಗಲಿಲ್ಲ, ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಐದು ವರ್ಷದ ನಂತರ, 1994ರ ಮಾರ್ಚ್ 11ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತವನ್ನು ಅಳೆಯುವ ಜಾಗ ಸದನ, ರಾಜಭವನದ ಕೊಠಡಿಯಲ್ಲ ಎಂಬುದು ಅದರ ಮುಖ್ಯ ಮಾತು. ನಾನು ರಾಜಕೀಯ ಬಲ್ಲವನಲ್ಲ, ಆದರೆ ಅಳತೆಯ ವಿಷಯ ಬಲ್ಲೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ ರೈತನನ್ನು ಕೇಳಿ ನೋಡಿ. ಮೇಲಿನಿಂದ ನೀರು ಬಿಟ್ಟಿದ್ದೇವೆ ಎಂದು ಎಷ್ಟು ಜನ ಸಾಹೇಬರು ಹೇಳಿದರೂ, ಗೇಜಿನ ಪಟ್ಟಿಯ ಮೇಲೆ ನೀರು ಏರುವವರೆಗೆ ಅವನು ನಂಬುವುದಿಲ್ಲ. ನೇಮಕಗೊಂಡ ಹಿರಿಯ ಗೇಜು ಓದುವವನಾಗಿದ್ದರೆ ನನಗೆ ಅಡ್ಡಿಯಿಲ್ಲ, ಅವನಿಗೆ ಓಟು ಹಾಕಲೇಬೇಕೆಂಬ ಹಟವೂ ಇಲ್ಲ. ಗೇಜು ನೋಡದೆ ತಾನೇ ಅಂದಾಜು ಹೇಳತೊಡಗಿದರೆ, ಯಾವ ಪಕ್ಷ ಕಳಿಸಿದವನೇ ಇರಲಿ, 1949ರಲ್ಲಿ ಅವನನ್ನು ಚುನಾವಣೆಯ ಹೊರಗಿಟ್ಟ ಕಾರಣವೇ ಇಲ್ಲವಾಗುತ್ತದೆ.

"ಹಂಗಾರ ಅವರಿಂದ ನಮಗೇನು ಉಪಯೋಗ್ರಿ?" ಎಂದರು ತಂದೆ.

ಅವರ ಕೈಯಲ್ಲಿದ್ದ ಕಾಗದಗಳನ್ನೇ ತೋರಿಸಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ, ನಮ್ಮ ಭಾಗದ ಬಗ್ಗೆ ರಾಜ್ಯಪಾಲರಿಗೆ ವಿಶೇಷ ಹೊಣೆ ವಹಿಸಲು ದಾರಿ ಮಾಡಿತು. ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸೀಟು ಸಿಗುವುದು 2013ರಲ್ಲಿ ರಾಜ್ಯಪಾಲರ ಹೆಸರಿನಲ್ಲಿ ಹೊರಟ ಆದೇಶದಿಂದ. ಯಾರೂ ಓಟು ಹಾಕದ ಹುದ್ದೆಯ ಸಹಿ ಈ ಹುಡುಗಿಯ ಮೆಡಿಕಲ್ ಸೀಟಿನ ಹಿಂದೆ ನಿಂತಿದೆ. ತಂದೆ ಕಾಗದಗಳನ್ನು ಮತ್ತೊಮ್ಮೆ ಮಡಿಚಿ ಜೋಪಾನವಾಗಿ ಒಳಜೇಬಿಗಿಟ್ಟರು.

ಆದರೆ ಅವರ ಮೊದಲಿನ ಮಾತು ನನ್ನನ್ನು ಬಿಟ್ಟಿರಲಿಲ್ಲ. ಒಂದೇ ಕಡೆ ಎಂದರೆ ವ್ಯಕ್ತಿಯ ಕಡೆಯೋ, ಪಕ್ಷದ ಕಡೆಯೋ? ಅವರ ದೇವದುರ್ಗದಲ್ಲೇ 2008ರ ಮೇ ತಿಂಗಳಲ್ಲಿ ಜೆಡಿಎಸ್‌ನಿಂದ ಗೆದ್ದ ಕೆ. ಶಿವನಗೌಡ ನಾಯಕರು ಅದೇ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. ಕ್ಷೇತ್ರ 2013ರಲ್ಲಿ ಕಾಂಗ್ರೆಸ್‌ಗೆ, 2016ರ ಉಪಚುನಾವಣೆಯಲ್ಲಿ ಬಿಜೆಪಿಗೆ, 2023ರಲ್ಲಿ ಕರೆಮ್ಮ ನಾಯಕರ ಮೂಲಕ ಜೆಡಿಎಸ್‌ಗೆ ಹೋಯಿತು. ಮಸ್ಕಿಯದು ಇನ್ನೂ ಸ್ವಾರಸ್ಯ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಬರೀ 213 ಮತಗಳಿಂದ ಸೋಲಿಸಿದರು. 2021ರ ಉಪಚುನಾವಣೆಗೆ ಅದೇ ಇಬ್ಬರು ನಿಂತರು, ಪಕ್ಷ ಮಾತ್ರ ಅದಲುಬದಲು! ಈ ಸಲ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಮಸ್ಕಿಯಲ್ಲಿ ನಿಷ್ಠೆ ಬಿಡಬಾರದೆಂದು ಹಟ ಹಿಡಿದ ಮನೆ ವ್ಯಕ್ತಿಯನ್ನು ಉಳಿಸಿಕೊಂಡರೆ ಪಕ್ಷ ಬಿಡಬೇಕಿತ್ತು, ಪಕ್ಷ ಉಳಿಸಿಕೊಂಡರೆ ವ್ಯಕ್ತಿಯನ್ನು ಬಿಡಬೇಕಿತ್ತು.

ಇದನ್ನು ಹೇಳಿದಾಗ ತಂದೆ ಬಹಳ ಹೊತ್ತು ಖಾಲಿ ಕಪ್ಪನ್ನೇ ನೋಡುತ್ತ ಕೂತರು. ಮಗಳು ಬಾಯಿಬಿಡಲಿಲ್ಲ, ಜಾಣೆ. ದೇವದುರ್ಗದ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಂದೆ ತಿರುಗಿ ಕೇಳಿದರು:

"ಸರ, ಆಕಿಗೆ ಬರೋ ತಿಂಗಳು ಹದಿನೆಂಟು ತುಂಬ್ತೈತಿ. ಆ ಫಾರಂ ನಂಬರ್ ಆರು ಅಂತಾರಲ್ಲ, ಅದು ನಮ್ಮೂರ ಸಾಲ್ಯಾಗ ಸಿಗ್ತೈತೇನ್ರಿ, ತಹಸೀಲ್ ಆಫೀಸಿಗೇ ಹೋಗಬೇಕೇನ್ರಿ?"