ಎರಡು ಗುಡ್ಡದ ನಡುವಿನ ಸೂರ್ಯ ನಮ್ಮೂರಾಗ ಎಲ್ಲೈತಿ?

ಗೆಳೆಯ ಗೆಳತಿಯರೇ, ನಿಮಗೆ ಮೊದಲು ಒಂದು ಪ್ರಶ್ನೆ. ಡ್ರಾಯಿಂಗ್ ತಾಸಿನಾಗ "ನಿಸರ್ಗ ಚಿತ್ರ ತೆಗೀರಿ" ಅಂದ ಕೂಡಲೇ ನಾವು ಏನು ತೆಗೀತೀವಿ? ಎರಡು ತ್ರಿಕೋಣದ ಗುಡ್ಡ. ಅವುಗಳ ನಡುವ ಅರ್ಧ ಸೂರ್ಯ. ಗುಡ್ಡದಿಂದ ಇಳಿದು ಬರುವ ನೀಲಿ ಹೊಳೆ. ಹೊಳೆ ದಂಡಿಗೆ ಒಂದು ಗುಡಿಸಲು, ಒಂದು ತೆಂಗಿನ ಗಿಡ. ಆಕಾಶದಾಗ ನಾಕು ಹಕ್ಕಿ. ನಮ್ಮ ವರ್ಗದಾಗ ಎಷ್ಟು ಮಂದಿ ಅದೀವೋ ಅಷ್ಟೂ ಮಂದಿ ಇದನ್ನೇ ತೆಗೀತೀವಿ. ಹೆಸರು ಅಳಿಸಿದರ ಯಾವ ಹಾಳಿ ಯಾರದು ಅಂತ ಯಾರಿಗೂ ಗೊತ್ತಾಗೂದಿಲ್ಲ.

ಈಗ ಎರಡನೇ ಪ್ರಶ್ನೆ. ಈ ಜಾಗಾ ಮುಳಗುಂದದಾಗ ಎಲ್ಲೈತಿ? ಯಾರಾದರೂ ನೋಡೀರೇನು? ನಾನಂತೂ ನೋಡಿಲ್ಲ.

ಈ ಮಾತು ಯಾಕೆ ಬಂತು ಅಂತ ಹೇಳ್ತೀನಿ. ಎರಡು ವರ್ಷದ ಹಿಂದೆ ನಾನು ಒಂದು ಚಿತ್ರಕಲಾ ಸ್ಪರ್ಧೆಗೆ ಹೋಗಿದ್ದೆ. ವಿಷಯ ನಿಸರ್ಗ ಚಿತ್ರ. ನಾನು ನಮ್ಮ ಹೊಲ ತೆಗೆದೆ. ಎರಿ ಭೂಮಿ, ಕರೀ ಸಾಲು, ಬದುವಿನ ಮ್ಯಾಲೆ ಒಂದು ಬೇವಿನ ಗಿಡ, ದೂರದಾಗ ಮಸುಕಾದ ಕಪ್ಪತ್ತಗುಡ್ಡದ ಸಾಲು. ಉಳಿದದ್ದೆಲ್ಲ ಆಕಾಶ. ನೋಡಾಕ ಬಂದವರೊಬ್ಬರು, "ಇದರಾಗ ನಿಸರ್ಗ ಎಲ್ಲೈತಿ? ಬರೀ ಬಯಲೈತಲ್ಲ" ಅಂದು ಮುಂದಕ್ಕ ಹೋದರು. ಬಹುಮಾನ ಎರಡು ಗುಡ್ಡದ ಸೂರ್ಯನಿಗೆ ಹೋಯಿತು. ಬಹುಮಾನ ಸಿಗಲಿಲ್ಲ ಅಂತ ನನಗ ಸಿಟ್ಟಿಲ್ಲ. ಆದರ "ಇದರಾಗ ನಿಸರ್ಗ ಎಲ್ಲೈತಿ" ಅನ್ನೂ ಮಾತು ಮನಸ್ಸಿನಾಗ ಮುಳ್ಳಿನಂಗ ಕುಂತಿತು. ಹಂಗಂದ್ರ ನಾವು ಹುಟ್ಟಿದ ನೆಲ ಚಿತ್ರಕ್ಕ ಬರೂದಿಲ್ಲೇನು? ಚೆಂದ ಅನ್ನೂದು ಬ್ಯಾರೆ ಊರಾಗಷ್ಟ ಐತೇನು?

ಇದಕ್ಕ ಉತ್ತರ ಹುಡುಕಲು ನಿಸರ್ಗ ಚಿತ್ರದ ಇತಿಹಾಸ ಓದಿದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಬಹಳ ಕಾಲದವರೆಗೆ ನಿಸರ್ಗ ಅನ್ನುವುದು ಚಿತ್ರದ ಹಿಂದಿನ ಪರದೆ ಮಾತ್ರ ಆಗಿತ್ತು. ನಮ್ಮ ನಾಡಿನಲ್ಲೇ ನೋಡಿರಿ. ಬಾದಾಮಿಯ ಮೂರನೇ ಗುಹೆ ಕ್ರಿ.ಶ. 578ರದು. ಅಲ್ಲಿ ಹಳೆಯ ವರ್ಣಚಿತ್ರಗಳ ತುಣುಕುಗಳು ಇನ್ನೂ ಉಳಿದಿವೆ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಮಾಳಿಗೆಯಲ್ಲೂ ಚಿತ್ರಗಳಿವೆ. ಇವುಗಳಲ್ಲಿ ದೇವರು, ರಾಜರು, ಪರಿವಾರದವರು ಮುಖ್ಯ. ಗಿಡ, ಗುಡ್ಡ ಬಂದರೆ ಅವರ ಹಿಂದೆ ಬರುತ್ತವೆ. ನಾಟಕದಾಗ ಪಾತ್ರಧಾರಿ ಮುಂದೆ, ಪರದೆ ಹಿಂದೆ ಇದ್ದಂಗ. ಯುರೋಪಿನಲ್ಲೂ ಹೀಗೇ ಇತ್ತು.

ಪರದೆಯನ್ನೇ ಪಾತ್ರ ಮಾಡಿದವರಲ್ಲಿ ಚೀನಾದವರು ಮುಂದು. ಅವರು ನಿಸರ್ಗ ಚಿತ್ರಕ್ಕೆ "ಶಾನ್ ಶ್ವೇ" ಅನ್ನುತ್ತಾರೆ. ಅಂದರೆ ಗುಡ್ಡ ಮತ್ತು ನೀರು. ಗುವೋ ಶಿ ಎಂಬ ಚಿತ್ರಕಾರ 1072ರಲ್ಲಿ "ವಸಂತದ ಆರಂಭ" ಎಂಬ ಚಿತ್ರ ಮಾಡಿದ. ಅದರಲ್ಲಿ ಮಂಜು ತುಂಬಿದ ದೊಡ್ಡ ಗುಡ್ಡ, ಕೆಳಗೆ ಇರುವೆಯಷ್ಟು ಸಣ್ಣ ಮನುಷ್ಯರು. ಇದಾಗಿ ನಾಲ್ವತ್ತು ವರ್ಷಕ್ಕೆ, 1112ರಲ್ಲಿ, ನಮ್ಮ ಮುಳಗುಂದದಲ್ಲೇ ನಯಸೇನ "ಧರ್ಮಾಮೃತ" ಬರೆದ. ಈ ಎರಡು ವರ್ಷಗಳನ್ನು ಜೋಡಿಸಿ ನೋಡಿದಾಗ ನನಗೆ ಖುಷಿ ಆಯಿತು. ನಯಸೇನನ ಮಾತು ಮುಂದೆ ಮತ್ತೆ ಬರುತ್ತದೆ.

ಯುರೋಪಿನಲ್ಲಿ ಲಿಯೊನಾರ್ಡೊ ಡ ವಿಂಚಿ 1473ರ ಆಗಸ್ಟ್ 5ರಂದು ಆರ್ನೋ ನದಿಯ ಕಣಿವೆಯನ್ನು ಲೇಖನಿಯಿಂದ ಬರೆದು, ಮೇಲೆ ತಾರೀಖು ಹಾಕಿ ಇಟ್ಟ. ಅದರಲ್ಲಿ ದೇವರಿಲ್ಲ, ರಾಜನಿಲ್ಲ, ಬರೀ ನೆಲ. ಅವನು ಹುಟ್ಟಿ ಬೆಳೆದದ್ದು ಆ ಸೀಮೆಯಲ್ಲೇ.

ಆದರೆ ನಮಗೆ ಎಲ್ಲಕ್ಕಿಂತ ಹತ್ತಿರ ಆಗುವವರು ಹಾಲೆಂಡಿನವರು. ಇಂಗ್ಲಿಷಿನ "ಲ್ಯಾಂಡ್‌ಸ್ಕೇಪ್" ಎಂಬ ಶಬ್ದ ಬಂದದ್ದೇ ಅವರ ಭಾಷೆಯಿಂದ. ಹಾಲೆಂಡ್ ಗುಡ್ಡವಿಲ್ಲದ ದೇಶ. ಅಂಗೈಯಷ್ಟು ಸಮ. ಅಲ್ಲಿಯ ಚಿತ್ರಕಾರರು "ನಮ್ಮಲ್ಲಿ ಗುಡ್ಡ ಇಲ್ಲ, ಹೆಂಗ ಚಿತ್ರ ತೆಗೀಬೇಕು" ಅಂತ ಎಲ್ಲರೂ ಕೈಕಟ್ಟಿ ಕೂಡಲಿಲ್ಲ. 17ನೇ ಶತಮಾನದಲ್ಲಿ ಅವರು ನೆಲದ ಗೆರೆಯನ್ನು ಹಾಳೆಯ ಕೆಳಗೆ ಎಳೆದು, ಮೇಲಿನದನ್ನೆಲ್ಲ ಆಕಾಶಕ್ಕೆ ಬಿಟ್ಟರು. ಯಾಕೋಬ್ ಫಾನ್ ರಾಯ್ಸ್‌ಡಾಲ್ ಎಂಬುವನು ಹಾರ್ಲೆಮ್ ಊರನ್ನು ಬರೆದ ಚಿತ್ರದಲ್ಲಿ ಮೂರರಲ್ಲಿ ಎರಡು ಪಾಲು ಬರೀ ಮೋಡ. ಕೆಳಗೆ ಬಯಲಿನಲ್ಲಿ ಬಿಳುಪಾಗಲು ಹಾಸಿದ ಅರಿವೆಗಳು, ದೂರದಲ್ಲಿ ಊರು. ಅವನ ಇನ್ನೊಂದು ಹೆಸರಾದ ಚಿತ್ರ ಸುಮಾರು 1670ರದು. ಅದರಾಗಿರೂದು ಹೊಳೆ ದಂಡಿಯ ಒಂದು ಗಾಳಿ ಗಿರಣಿ. ಇಂಥ ಚಿತ್ರಗಳನ್ನು ಅಲ್ಲಿ ಅರಮನೆಯವರಷ್ಟೇ ಅಲ್ಲ, ವ್ಯಾಪಾರಸ್ಥರೂ ಕಸಬುದಾರರೂ ಕೊಂಡು ಮನೆಯ ಗೋಡೆಗೆ ಹಾಕಿಕೊಂಡರು. ತಮ್ಮ ನೆಲ ತಮಗೆ ಚೆಂದ ಕಂಡಿತು.

ಇದನ್ನು ಓದಿದಾಗ ನಾನು ಎದ್ದು ಕುಂತೆ. ಸಮ ನೆಲ, ದೊಡ್ಡ ಆಕಾಶ, ಗಾಳಿ ಗಿರಣಿ. ಇದು ನಮ್ಮ ಗದಗ ಸೀಮೆ ಅಲ್ಲೇನು? ಎರಿ ಹೊಲದಾಗ ನಿಂತರ ಆಕಾಶ ನೆಲಕ್ಕ ಬಂದು ಮುಟ್ಟೂದು ಕಾಣತೈತಿ. ಗದಗಿನ ಸುತ್ತ, ಕಪ್ಪತ್ತಗುಡ್ಡದ ಸಾಲಿನಾಗ ಗಾಳಿಯಿಂದ ಕರೆಂಟ್ ತೆಗೆಯುವ ಬಿಳೀ ಫ್ಯಾನುಗಳು ತಿರುಗತಾವ. ಹಾಲೆಂಡಿನವರಿಗೆ ಗಿರಣಿ ಚಿತ್ರ ಆದರ ನಮಗ ಫ್ಯಾನು ಯಾಕ ಆಗಬಾರದು?

ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ ಕಥೆ ಇನ್ನೂ ಕೇಳುವಂಥದ್ದು. ಅವನು 1776ರಲ್ಲಿ ಒಂದು ಹಳ್ಳಿಯಲ್ಲಿ ಹುಟ್ಟಿದ. ತಂದೆಗೆ ಹಿಟ್ಟಿನ ಗಿರಣಿ ಇತ್ತು. ದೊಡ್ಡ ಚಿತ್ರ ಅಂದರೆ ಪುರಾಣದ್ದು, ಯುದ್ಧದ್ದು ಎಂದು ಆಗಿನ ದೊಡ್ಡವರು ತಿಳಿದಿದ್ದರು. ನಿಸರ್ಗ ಚಿತ್ರಕ್ಕೆ ಕೆಳಗಿನ ಪಂಕ್ತಿ. ಕಾನ್‌ಸ್ಟೇಬಲ್ ತಂದೆಯ ಗಿರಣಿಯ ಹತ್ತಿರದ ಹೊಳೆಯನ್ನೇ ಮತ್ತೆ ಮತ್ತೆ ಬರೆದ. 1821ರಲ್ಲಿ "ಹೇ ವೇನ್" ಅನ್ನುವ ಚಿತ್ರ ಮಾಡಿದ. ಅದರಲ್ಲಿರುವುದು ನೀರಿನಾಗ ನಿಂತ ಒಂದು ಖಾಲಿ ಚಕ್ಕಡಿ, ಒಂದು ಮನೆ, ಒಂದು ನಾಯಿ, ಮೋಡ. ಲಂಡನ್ನಿನ ಪ್ರದರ್ಶನದಲ್ಲಿ ಅದನ್ನು ಯಾರೂ ಕೊಳ್ಳಲಿಲ್ಲ. ಮೂರು ವರ್ಷದ ಮೇಲೆ, 1824ರಲ್ಲಿ, ಪ್ಯಾರಿಸ್ಸಿನಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ತನ್ನ ದೇಶದ ಅಕಾಡೆಮಿಯ ಪೂರ್ಣ ಸದಸ್ಯನಾಗಲು ಅವನು 52 ವರ್ಷದವನಾಗುವವರೆಗೆ ಕಾಯಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಇಂಗ್ಲೆಂಡಿಗೂ ಹೊಂದುತ್ತದೆ ನೋಡಿರಿ.

ಒಂದು ಸಣ್ಣ ಸಾಮಾನು ಈ ಕಲೆಯನ್ನು ಬಯಲಿಗೆ ತಂದಿತು. ಮೊದಲು ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿ ಇಡುತ್ತಿದ್ದರು. ಅದು ಒಡೆಯುತ್ತಿತ್ತು, ಒಣಗುತ್ತಿತ್ತು. 1841ರಲ್ಲಿ ಅಮೆರಿಕದ ಜಾನ್ ರ‍್ಯಾಂಡ್ ಎಂಬ ಚಿತ್ರಕಾರ ತವರದ ಟ್ಯೂಬು ಕಂಡುಹಿಡಿದ. ನಮ್ಮ ಟೂತ್‌ಪೇಸ್ಟ್ ಟ್ಯೂಬಿನಂಥದ್ದೇ. ಬಣ್ಣವನ್ನು ಚೀಲದಲ್ಲಿ ಹಾಕಿಕೊಂಡು ಹೊಲಕ್ಕೆ ಹೋಗುವುದು ಸುಲಭವಾಯಿತು. ಮುಂದೆ ಫ್ರಾನ್ಸಿನ ಕ್ಲೋಡ್ ಮೊನೆ 1890-91ರಲ್ಲಿ ತನ್ನ ಮನೆಯ ಹತ್ತಿರದ ಹೊಲದ ಬಣಿವಿಗಳನ್ನು ಬರೆದ. ಹೌದು, ಬಣಿವಿ! ಸುಮಾರು 25 ಚಿತ್ರ ಬಣಿವಿಯವೇ. ಮುಂಜಾನೆಯ ಬಣಿವಿ, ಸಂಜೆಯ ಬಣಿವಿ, ಹಿಮ ಬಿದ್ದ ಬಣಿವಿ. ಇವತ್ತು ಆ ಚಿತ್ರಗಳು ಕೋಟಿಗಟ್ಟಲೆ ಬೆಲೆ ಬಾಳುತ್ತವೆ. ನಮ್ಮ ಹಿತ್ತಲದಾಗ ಬಣಿವಿ ಇದ್ದರೂ ನಾವು ಹಾಳಿಯಾಗ ತೆಗೆಯೂದು ಕಂಡಿರದ ತೆಂಗಿನ ಗಿಡ.

ನಮ್ಮ ಕನ್ನಡ ನಾಡಿನ ನೆಲವನ್ನು ಪಾಶ್ಚಾತ್ಯ ರೀತಿಯಲ್ಲಿ ಮೊದಮೊದಲು ಬರೆದವರು ಹೊರಗಿನವರು. ರಾಬರ್ಟ್ ಹೋಮ್ ಎಂಬುವನು ಟಿಪ್ಪು ಸುಲ್ತಾನನ ಮೇಲೆ ಬಂದ ಕಾರ್ನ್‌ವಾಲಿಸನ ದಂಡಿನ ಜೊತೆ ಬಂದು, ಮೈಸೂರು ಸೀಮೆಯ ಕೋಟೆ, ಬೆಟ್ಟಗಳನ್ನು ಬರೆದು 1794ರಲ್ಲಿ ಪುಸ್ತಕ ಮಾಡಿದ. ಗೆಲ್ಲಲು ಬಂದವರ ಕಣ್ಣಿಗೆ ನಮ್ಮ ನೆಲ ಹಾಗೆ ಕಂಡಿತು. ನಮ್ಮವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಹೇಳುವವರು ಬೇಕಿತ್ತು. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅಬನೀಂದ್ರನಾಥ ಠಾಕೂರರ ಹತ್ತಿರ ಕಲಿತು ಬಂದು, ಊಟಿ ಮತ್ತು ಕೊಡೈಕೆನಾಲ್ ಬೆಟ್ಟಗಳ ಮಂಜು, ಬಿಸಿಲನ್ನು ಜಲವರ್ಣದಲ್ಲಿ ಹಿಡಿದರು. ಬೆಂಗಳೂರಿನ ಕಬ್ಬನ್ ಪಾರ್ಕಿನ ಹತ್ತಿರ ಅವರ ಹೆಸರಿನ ಚಿತ್ರಶಾಲೆ ಇದೆ. ಸ್ವಾತಂತ್ರ್ಯ ಹೋರಾಟಗಾರರಾಗಿದ್ದ ರುಮಾಲೆ ಚನ್ನಬಸವಯ್ಯನವರು (1910-1988) ಬೆಂಗಳೂರಿನ ಹೂಬಿಟ್ಟ ಗಿಡಗಳನ್ನು ರಸ್ತೆ ಬದಿಯ ಬಿಸಿಲಿನಲ್ಲೇ ನಿಂತು ಬರೆದರು. ಬೆಂಗಳೂರು ಬೆಳೆದು ಬದಲಾಗಿದೆ. ಆಗ ಅದು ಹೇಗಿತ್ತು ಎಂದು ತೋರಿಸಲು ಅವರ ಚಿತ್ರಗಳಿವೆ. ನಮ್ಮ ಕಡೆಯೂ ಕಡಿಮೆ ಇಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರು, ಗದಗಿನಲ್ಲಿ ವಿಜಯ ಕಲಾ ಮಂದಿರದ ಟಿ.ಪಿ. ಅಕ್ಕಿ ಅವರು ಚಿತ್ರಕಲೆಯ ಶಾಲೆ ಕಟ್ಟಿ ಈ ಸೀಮೆಯ ಮಕ್ಕಳಿಗೆ ಕುಂಚ ಹಿಡಿಯಲು ಕಲಿಸಿದರು.

ಇಷ್ಟೆಲ್ಲ ಓದಿ ನನಗೆ ತಿಳಿದದ್ದು ಒಂದೇ ಮಾತು. ನಿಸರ್ಗ ಚಿತ್ರ ಬೆಳೆದದ್ದು ಕಣ್ಣಾರೆ ಕಂಡದ್ದನ್ನು ಬರೆದವರಿಂದ. ಚೀನಾದವರು ಮನೆಯಲ್ಲಿ ಕುಳಿತು ನೆನಪಿನಿಂದ ಬರೆಯುತ್ತಿದ್ದರು, ನಿಜ. ಆದರೆ ಅದಕ್ಕೂ ಮೊದಲು ಗುಡ್ಡ ತಿರುಗಿ, ನೋಡಿ ಬಂದಿರುತ್ತಿದ್ದರು. ನೋಡದೇ ಬರೆಯುವುದು ನಾವು ಮಾತ್ರ.

ಕೆಲವರು ಅನ್ನಬಹುದು, "ಪರೀಕ್ಷಾದಾಗ ಎರಡು ಗುಡ್ಡ ತೆಗೆದರ ಮಾರ್ಕು ಬರತಾವ, ಸುಮ್ಮನ ಯಾಕ ಗೋಜು?" ಅವರ ಮಾತು ಸುಳ್ಳಲ್ಲ. ಸಣ್ಣವರಿಗೆ ಬಣ್ಣ ತುಂಬುವುದು ಕಲಿಸಲು ಆ ಚಿತ್ರ ಸುಲಭ. ಆದರ ಒಂದನೇ ಇಯತ್ತೆದಾಗ ತೆಗೆದದ್ದನ್ನೇ ಒಂಬತ್ತನೇ ಇಯತ್ತೆದಾಗೂ ತೆಗೆದರ ನಾವು ಕಲಿತದ್ದೇನು? ಇನ್ನು ಕೆಲವರು, "ಮೊಬೈಲಿನಾಗ ಒಂದು ಫೋಟೋ ಹೊಡೆದರ ಮುಗೀತು" ಅಂತಾರ. ಫೋಟೋ ಒಂದು ಕ್ಷಣದಾಗ ಆಗತೈತಿ, ನಾವು ನೋಡೂದ ಇಲ್ಲ. ಚಿತ್ರ ತೆಗೀಬೇಕಂದ್ರ ಒಂದು ತಾಸು ಕೂಡಬೇಕು. ಕುಂತಾಗ ನನಗ ಗೊತ್ತಾತು, ಎರಿ ಮಣ್ಣು ಕರೀ ಬಣ್ಣದ್ದಲ್ಲ. ಮಳಿ ಆದಾಗ ಅದು ಎಮ್ಮಿ ಮೈಯಂಗ ಮಿಂಚತೈತಿ, ಬ್ಯಾಸಗಿಯಾಗ ಬಿರುಕು ಬಿಟ್ಟು ಬೂದಿ ಬಣ್ಣ ಆಗತೈತಿ. ಬೇವಿನ ಗಿಡದ ನೆರಳು ನೀಲಿ ಇರತೈತಿ. ಇದನ್ನ ನನಗ ಯಾವ ಫೋಟೋನೂ ಕಲಿಸಿರಲಿಲ್ಲ.

ಈಗ ನಯಸೇನನ ಮಾತು. ಸಂಸ್ಕೃತ ತುರುಕಿದ ಕನ್ನಡ ಆತನಿಗೆ ಒಪ್ಪಿಗೆ ಇರಲಿಲ್ಲ. ಜನರ ಬಾಯಿಯ ಗಾದೆ, ದಿನದ ಬದುಕಿನ ಹೋಲಿಕೆಗಳನ್ನು ಸಾಲುಸಾಲಾಗಿ ತಂದು ಕಾವ್ಯ ಮಾಡಿದ. ಒಂಬತ್ತುನೂರು ವರ್ಷದ ಹಿಂದೆ ಈ ಊರಿನ ಕವಿ ನಮ್ಮ ಮಾತು ಕಾವ್ಯಕ್ಕೆ ಸಾಲುತ್ತದೆ ಎಂದು ತೋರಿಸಿದ. ಅವನ ಊರಿನ ಮಕ್ಕಳಾದ ನಾವು ನಮ್ಮ ನೆಲ ಚಿತ್ರಕ್ಕೆ ಸಾಲುತ್ತದೆ ಎಂದು ತೋರಿಸಬಾರದೇ?

ಕಡೆಗೆ ಒಂದು ಮಾತು. ನಾನು ತೆಗೆದ ಆ ಹೊಲ ಈಗ ನಮ್ಮದಲ್ಲ. ಮನಿ ಸಾಲಕ್ಕ ಹೋದ ವರ್ಷ ಮಾರಿದರು. ಅಲ್ಲಿ ಕಲ್ಲು ನೆಟ್ಟು ಪ್ಲಾಟ್ ಮಾಡ್ಯಾರ. ಬೇವಿನ ಗಿಡ ಕಡಿದರು. ಸೀಗಿ ಹುಣ್ಣಿವಿಗೆ ಚರಗ ಚೆಲ್ಲಾಕ ಈ ಸಲ ನಾವು ಹೋಗಲಿಲ್ಲ. ಆವತ್ತು ಅಜ್ಜ ನನ್ನ ಪಾಟಿಚೀಲದಾಗಿನ ಆ ಹಾಳಿ ತೆಗೆಸಿ, ಪಡಸಾಲಿ ಗೋಡಿಗೆ ಗೋಂದು ಹಚ್ಚಿ ಅಂಟಿಸಿದ. "ಬದು ಇಲ್ಲೇ ತಿರುಗತಿತ್ತು, ಬರೋಬ್ಬರಿ ತೆಗದೀ" ಅಂದ. ಆ ಚಿತ್ರದಾಗ ನಿಸರ್ಗ ಎಲ್ಲೈತಿ ಅಂತ ಅಜ್ಜ ಕೇಳಲಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ತಿಂಗಳಿಗೆ ಒಂದು ಶನಿವಾರ ಡ್ರಾಯಿಂಗ್ ತಾಸು ಬಯಲಿನಾಗ ಆಗಲಿ. ಒಂದು ಸಲ ಬಸದಿಯ ಮುಂದೆ ಕೂಡೋಣ. ಒಂದು ಸಲ ಮೆಣಸಿನಕಾಯಿ ಒಣಗಹಾಕಿದ ಕಣದಾಗ. ಚಳಿಗಾಲದಾಗ ಮಾಗಡಿ ಕೆರಿಗೆ ಹೋಗೋಣ. ದೂರದೇಶದ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರತಾವ. 2024ರಲ್ಲಿ ಆ ಕೆರಿಗೆ ರಾಮ್ಸರ್ ತಾಣ ಅಂತ ಜಗತ್ತಿನ ಮಾನ್ಯತೆ ಸಿಕ್ಕೈತಿ. ತೆಗೆದ ಚಿತ್ರಗಳನ್ನು ಈ ಗೋಡೆ ಪತ್ರಿಕೆಯ ಪಕ್ಕದಾಗ ಹಚ್ಚೋಣ. ಚೆಂದ ಬರಲಿ, ವಾರಿ ಬರಲಿ, ಹೆಸರು ಅಳಿಸಿದರೂ ಯಾರ ಹೊಲ, ಯಾರ ಓಣಿ ಅಂತ ಗೊತ್ತಾಗುವಂಗ ಇರಲಿ.

ಗೆಳೆಯರೇ, ನಾಳೆ ಮುಂಜಾನೆ ಲಗೂನ ಎದ್ದು ಊರ ಹೊರಗ ಹೋಗಿ ಮೂಡಣ ದಿಕ್ಕಿಗೆ ನೋಡಿರಿ. ಸೂರ್ಯ ಎರಡು ತ್ರಿಕೋಣದ ನಡುವಿನಿಂದ ಬರೂದಿಲ್ಲ. ಎಲ್ಲಿಂದ ಬರತಾನ ಅಂತ ನೋಡಿ, ಹಂಗ ತೆಗೀರಿ. ತಪ್ಪು ಬರೆದಿದ್ದರೆ ಹಿರಿಯರು ತಿದ್ದಬೇಕು.

— ಒಬ್ಬ ವಿದ್ಯಾರ್ಥಿನಿ, 9ನೇ ಇಯತ್ತೆ, ಮುಳಗುಂದ